ಪತ್ರಿಕೆಯ ಮೂಲೆಯಲ್ಲಿ ಅಜ್ಜಿ, ಆರ್‌ಟಿಸಿಯಲ್ಲಿ ಅಜ್ಜ: ಕಕ್ಕಬೆ ಕಡೆಯ ಮನೆತನದ ಬೇರು ಹುಡುಕುವ ಬಗೆ

ಮಡಿಕೇರಿಯಲ್ಲಿ ಅಚ್ಚಾಗುವ ಪತ್ರಿಕೆಯಲ್ಲಿ ನಿಧನದ ಸುದ್ದಿಗೆ ಸಿಗುವುದು ನಾಲ್ಕೈದು ಸಾಲು. ಕಕ್ಕಬೆ ಹತ್ತಿರದ ಯವಕಪಾಡಿಯ ಇಂಥ ಒಕ್ಕದ (ಮನೆತನದ) ದಿವಂಗತ ಇಂಥವರ ಪತ್ನಿ, ತಾಮನೆ (ತವರು) ಇಂಥದ್ದು, ವಯಸ್ಸು 84, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ. ಬೆಳಗಿನ ಕಾಫಿಯ ಜೊತೆ ಓದಿ ಮಡಚಿಡುವ ಸುದ್ದಿ ಇದು. ಆದರೆ ಮನೆತನದ ಚರಿತ್ರೆ ಹುಡುಕುವವರಿಗೆ ಇದರಲ್ಲಿ ಎರಡು ಒಕ್ಕಗಳ ನಂಟು, ಹುಟ್ಟಿದ ವರ್ಷದ ಅಂದಾಜು, ಮುಂದಿನ ತಲೆಮಾರಿನ ಲೆಕ್ಕ ಎಲ್ಲವೂ ಇದೆ. ಆಕೆ ಹುಟ್ಟಿದ ಮನೆ ಯಾವುದೆಂಬುದನ್ನು ಯಾವ ಕಂದಾಯ ದಾಖಲೆಯೂ ಹೇಳುವುದಿಲ್ಲ. ಪತ್ರಿಕೆ ಹೇಳುತ್ತದೆ.

ಹಿರಿಯರ ಮೂಲ ಹುಡುಕಹೊರಟವರು ಸಾಮಾನ್ಯವಾಗಿ ಮೊದಲು ಮೆಟ್ಟಿಲು ಹತ್ತುವುದು ತಾಲ್ಲೂಕು ಕಚೇರಿಯದು. ಅಲ್ಲಿ ಸಿಗುವುದು ಗದ್ದೆಯ ಕಥೆ, ಗದ್ದೆ ಯಾರ ಹೆಸರಿನಲ್ಲಿತ್ತೋ ಆ ಗಂಡಸರ ಕಥೆ. ಮದುವೆಯಾಗಿ ಬಂದವರು, ಮದುವೆಯಾಗಿ ಹೋದವರು, ಪಟ್ಟಾಳಕ್ಕೋ ಬೆಂಗಳೂರಿಗೋ ಹೊರಟು ಮರಳದವರು, ಇನ್ನೊಬ್ಬರ ಗದ್ದೆಯಲ್ಲಿ ದುಡಿದವರು ಆ ಕಡತಗಳಲ್ಲಿ ಇರುವುದಿಲ್ಲ. ಹಾಗೆಂದು ಪತ್ರಿಕೆಯ ತುಣುಕುಗಳನ್ನಷ್ಟೇ ನೆಚ್ಚಿ ಕೂತರೆ ಮೂರು ತಲೆಮಾರಿನ ಆಚೆ ದಾರಿ ಮುಗಿಯುತ್ತದೆ. ಜಮೀನಿನ ಕಾಗದ ಉದ್ದಕ್ಕೆ ಕರೆದೊಯ್ಯುತ್ತದೆ, ಪ್ರಕಟಣೆ ಅಗಲಕ್ಕೆ ಕರೆದೊಯ್ಯುತ್ತದೆ. ಎರಡನ್ನೂ ಎದುರುಬದುರಾಗಿಟ್ಟು ಓದುವುದೇ ಈ ಕೆಲಸದ ಗುಟ್ಟು.

ಮನೆಯ ಪೆಟ್ಟಿಗೆಯಿಂದ ಶುರು

ಕಚೇರಿಗೆ ಹೋಗುವ ಮೊದಲು ಮನೆಯ ಅಟ್ಟ, ಪೆಟ್ಟಿಗೆ, ದೇವರ ಕೋಣೆಯ ಗೂಡು ನೋಡಿ ಮುಗಿಸಬೇಕು. ಕಂದಾಯ ಕಟ್ಟಿದ ರಸೀದಿ, ಕಾಫಿ ಮಂಡಳಿಯ ಪೂಲ್ ಕಾಲದ ಪಾವತಿ ಚೀಟಿ, ಧವಸ ಭಂಡಾರದ ಷೇರು ಪತ್ರ, ಕೋವಿ ವಿನಾಯಿತಿಯ ಕಾಗದ, ಮದುವೆಯ ಕರೆಯೋಲೆ, ಪಿಂಚಣಿ ಪುಸ್ತಕ ಇವೆಲ್ಲ ದಾಖಲೆಗಳೇ. ಸಹಕಾರ ಸಂಘದ ಸದಸ್ಯತ್ವದ ಕಾಗದದಲ್ಲಿ ನಾಮಿನಿಯ ಹೆಸರೂ ಸಂಬಂಧವೂ ಇರುತ್ತದೆ. ಬೇರೆಲ್ಲೂ ಕಾಣದ ಅತ್ತೆಯೋ ತಂಗಿಯೋ ಅಲ್ಲಿ ಕಾಣಿಸಿಕೊಂಡಾರು. ಜೇನಿಗೆ ಹೆಸರಾದ ಊರು ಕಕ್ಕಬೆ. ವಿರಾಜಪೇಟೆಯಲ್ಲಿ 1936ರಲ್ಲಿ ಹುಟ್ಟಿದ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘದ ಸದಸ್ಯರು ನಿಮ್ಮ ಹಿರಿಯರಲ್ಲಿ ಇದ್ದಿರಬಹುದು, ಕೇಳಿ ನೋಡಿ.

ಆಮೇಲೆ ಮಾತು. ಒಕ್ಕದ ಯಜಮಾನರಾದ ಪಟ್ಟೆದಾರರು ಇದ್ದರೆ ಅವರಿಂದ ಆರಂಭಿಸಿ, ಆದರೆ ಅವರಲ್ಲಿಗೇ ನಿಲ್ಲಬೇಡಿ. ಕೊಡವ ಒಕ್ಕಕ್ಕೆ ಅರುವ ಎಂಬವರು ಬೇರೊಂದು ಒಕ್ಕದವರು. ಮದುವೆಯ ಸಂಬಂಧ ಅಡ್‌ಕುವ (ಕೂಡಿಸುವ) ಹೊತ್ತಿಗೆ ಎರಡೂ ಕಡೆಯ ಅರುವರು ಎದುರು ನಿಂತು ಒಕ್ಕಗಳ ಹೆಸರು ಹಿಡಿದು ಮಾತಾಡುತ್ತಾರೆ. ನಿಮ್ಮ ಮನೆಯ ಮದುವೆಗಳನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವರ ಮನೆಯಲ್ಲಿ ಸಿಗಬಹುದು. ಇನ್ನು ಮನೆಯ ಹೆಂಗಸರು. ಯಾರು ಯಾರ ಮಗಳು, ಯಾವ ಊರಿನಿಂದ ಬಂದವಳು, ಎಷ್ಟನೆಯ ಹೆರಿಗೆಯಲ್ಲಿ ತೀರಿಕೊಂಡಳು ಎಂಬ ವಿವರ ಅವರ ಬಾಯಲ್ಲೇ ಇರುವುದು. ನನ್ನ ಅನುಭವದಲ್ಲಿ ಗಂಡಸರು ಗಡಿ ಹೇಳುತ್ತಾರೆ, ಹೆಂಗಸರು ಹೆಸರು ಹೇಳುತ್ತಾರೆ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಪೊನ್ನಪ್ಪ, ಮುತ್ತಪ್ಪ, ಚಂಗಪ್ಪ, ಬೋಪಯ್ಯ, ಸೋಮಯ್ಯ, ಪೂವಯ್ಯ ಹೀಗೆ ಕೆಲವೇ ಹೆಸರು ತಿರುತಿರುಗಿ ಬರುತ್ತವೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದೂ ಉಂಟು. 1890ರ ಕಾಗದದ ಮುತ್ತಪ್ಪನೂ 1940ರ ಕಾಗದದ ಮುತ್ತಪ್ಪನೂ ಒಬ್ಬನೇ ಎಂದು ಬರೆದುಕೊಂಡರೆ ಮಧ್ಯದ ತಲೆಮಾರು ಮಾಯ. ಪ್ರತಿ ಹೆಸರಿನ ಜೊತೆ ತಂದೆಯ ಹೆಸರು, ಗ್ರಾಮ, ವರ್ಷ ಮೂರನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇಂಗ್ಲಿಷ್ ಕಾಗದಗಳಲ್ಲಿ ಒಕ್ಕದ ಹೆಸರನ್ನು ಗುಮಾಸ್ತನಿಗೆ ಕೇಳಿಸಿದಂತೆ ಬರೆದಿರುತ್ತಾರೆ. ಒಂದೇ ಹೆಸರು ನಾಲ್ಕು ರೂಪದಲ್ಲಿ ಸಿಕ್ಕರೆ ಗಾಬರಿ ಬೇಡ, ಬಾಯಿಬಿಟ್ಟು ಓದಿ ನೋಡಿ. ಹೆಂಡತಿಯ ಒಕ್ಕಕ್ಕೆ ಮಕ್ಕಳು ಸೇರುವ ಮಕ್ಕ ಪರಿಜೆ ಮದುವೆಯೂ ನಮ್ಮಲ್ಲಿತ್ತು. ಗಂಡು ಸಂತತಿ ಇಲ್ಲದ ಮನೆಯಲ್ಲಿ ಒಕ್ಕದ ಹೆಸರು ಮಗಳ ಮೂಲಕ ಮುಂದುವರಿದಿರಬಹುದು. ತಂದೆಯ ಹೆಸರನ್ನೇ ಹಿಡಿದು ಹಿಂದಕ್ಕೆ ಹೋದಾಗ ಜಾಡು ಬೇರೆ ಒಕ್ಕಕ್ಕೆ ಹೊರಳಿದರೆ ಅದು ಗುಮಾಸ್ತನ ತಪ್ಪೆಂದು ತೀರ್ಮಾನಿಸುವ ಮೊದಲು ಈ ಸಾಧ್ಯತೆಯನ್ನು ಕೇಳಿ ತಿಳಿಯಿರಿ.

ಹಳೆಯ ಕಾಗದದ ತೇದಿಯೂ ಒಂದು ಒಗಟು. ಸಂವತ್ಸರದ ಹೆಸರು ಬರೆದು ಇಸವಿ ಬಿಟ್ಟಿರುತ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ: ಜಯ ಸಂವತ್ಸರ ಯುಗಾದಿಯಿಂದ ಲೆಕ್ಕ ಹಿಡಿದರೆ 1834, 1894, 1954ರಲ್ಲಿ ಶುರುವಾಗಿದೆ. ಮೂರರಲ್ಲಿ ಯಾವುದೆಂದು ಕಾಗದದಲ್ಲಿರುವ ಅಧಿಕಾರಿಯ ಪದವಿ, ನಾಣ್ಯ, ಸ್ಟಾಂಪು ನೋಡಿ ಗೊತ್ತುಮಾಡಬೇಕು. ಬಾಯಿಮಾತಿನ ನೆನಪುಗಳಿಗೆ ಕೊಡಗಿನ ರಾಜನನ್ನು ಇಳಿಸಿದ 1834, 1918ರ ಇನ್‌ಫ್ಲುಯೆಂಜಾ, 1956ರಲ್ಲಿ ಕೊಡಗು ಮೈಸೂರಿಗೆ ಸೇರಿದ್ದು ಇಂಥ ಗೂಟಗಳನ್ನು ಹೊಡೆದುಕೊಂಡರೆ ಅನುಕೂಲ.

ಗದ್ದೆಯ ಜಾಡು

ಕಕ್ಕಬೆ ಇಂದು ಮಡಿಕೇರಿ ತಾಲ್ಲೂಕು, ನಾಪೋಕ್ಲು ಹೋಬಳಿ. ಬ್ರಿಟಿಷರ ಕಾಲದ ಕಾಗದಗಳಲ್ಲಿ ಅದನ್ನು ಪಾಡಿನಾಲ್ಕುನಾಡು ತಾಲ್ಲೂಕಿನ ಅಡಿಯಲ್ಲಿ ಹುಡುಕಬೇಕು. ಇದು ಗೊತ್ತಿಲ್ಲದೆ ಮಡಿಕೇರಿ ತಾಲ್ಲೂಕಿನ ಹಳೆಯ ಪಟ್ಟಿಯನ್ನು ತಿರುವಿ ‘ನಮ್ಮೂರೇ ಇಲ್ಲ’ ಎಂದು ವಾಪಸಾದವರಿದ್ದಾರೆ. ಆಗ ತಾಲ್ಲೂಕಿನ ಮುಖ್ಯಸ್ಥ ಸುಬೇದಾರ, ಅವನ ಕೆಳಗೆ ನಾಡಿಗೊಬ್ಬ ಪಾರುಪತ್ತೇಗಾರ, ಊರಲ್ಲಿ ಪಟೇಲ, ಶಾನುಭೋಗ. ಕಾಗದದ ಕೆಳಗಿನ ಸಹಿಯ ಪಕ್ಕ ಇರುವ ಈ ಪದವಿಗಳೇ ಅದರ ಕಾಲವನ್ನೂ ಕಚೇರಿಯನ್ನೂ ಹೇಳುತ್ತವೆ.

ಇನ್ನೂ ಹಿಂದೆ ಹೋದರೆ ಹಾಲೇರಿ ಅರಸರ ಕಾಲ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಕಕ್ಕಬೆಯ ಪಕ್ಕದಲ್ಲೇ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ಲಿಂಗರಾಜೇಂದ್ರ 1812ರ ಹೊತ್ತಿಗೆ ಜಮೀನುಗಳನ್ನು ಅಳೆಸಿ ಗಡಿ ಬರೆಸಿ ಮಾಡಿಸಿದ ಲೆಕ್ಕಕ್ಕೆ ‘ಲಿಂಗರಾಜನ ಶಿಸ್ತು’ ಎಂದೇ ಹೆಸರು. 1834ರಲ್ಲಿ ಕೊಡಗನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿ ಸರ್ಕಾರವೂ ಅದನ್ನೇ ಆಧಾರವಾಗಿಟ್ಟುಕೊಂಡಿತು. ನಿಮ್ಮ ಒಕ್ಕದ ಗದ್ದೆ ಜಮ್ಮಾ ಆಗಿದ್ದರೆ ನಿಮಗೆ ಅದೃಷ್ಟವಿದೆ. ಜಮ್ಮಾ ಭೂಮಿ ‘ಸಾಗು’ ಎಂಬ ಸಾಮಾನ್ಯ ಭೂಮಿಯ ಅರ್ಧ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಬಂದದ್ದು, ಮನೆತನದ ಆಚೆಗೆ ಸುಲಭವಾಗಿ ಹೋಗುವಂಥದ್ದಲ್ಲ. ನೂರು ಭಟ್ಟಿಗೆ ಜಮ್ಮಾ ಆದರೆ ಐದು ರೂಪಾಯಿ, ಸಾಗು ಆದರೆ ಹತ್ತು ಎಂದು ಹಳೆಯ ಗೆಜೆಟಿಯರ್‌ಗಳು ಬರೆಯುತ್ತವೆ. ಭಟ್ಟಿ ಎಂದರೆ ಎಕರೆಯಲ್ಲ, ಭತ್ತದ ಅಳತೆ. ಹಳೆಯ ಪತ್ರದಲ್ಲಿ ‘ಐವತ್ತು ಭಟ್ಟಿ ಭೂಮಿ’ ಎಂದಿದ್ದರೆ ತಕ್ಷಣ ಎಕರೆಗೆ ಇಳಿಸಲು ಹೋಗಬೇಡಿ. ಗದ್ದೆಗೆ ಹೊಂದಿಕೊಂಡ ಬಾಣೆಯೂ (ಕಾಡುಜಾಗವೂ) ಅದೇ ಹೆಸರಿನಲ್ಲಿ ಸಾಗುತ್ತದೆ. ಹೀಗಾಗಿ ಗದ್ದೆ ಸಿಕ್ಕರೆ ಒಕ್ಕ ಸಿಗುತ್ತದೆ, ಒಕ್ಕ ಸಿಕ್ಕರೆ ಪಟ್ಟೆದಾರರ ಸಾಲು ಸಿಗುತ್ತದೆ.

ಇಂದಿನ ಆರ್‌ಟಿಸಿಯಿಂದ (ಪಹಣಿಯಿಂದ) ಹಿಂದಕ್ಕೆ ನಡೆಯುವ ಬಗೆ ಹೀಗೆ. ಒಂಬತ್ತನೆಯ ಕಾಲಂನಲ್ಲಿ ಹಕ್ಕುದಾರರ ಹೆಸರು, ಹತ್ತನೆಯದರಲ್ಲಿ ಹಕ್ಕು ಹೇಗೆ ಬಂತೆಂಬ ವಿವರ ಮತ್ತು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ. ಆ ಸಂಖ್ಯೆ ಮತ್ತು ವರ್ಷವನ್ನು ಬರೆದುಕೊಂಡು ಆ ಮ್ಯುಟೇಷನ್‌ನ ನಕಲು ಕೇಳಿ. ಪೌತಿ ಎಂದಿದ್ದರೆ ಯಾರೋ ತೀರಿಕೊಂಡು ವಾರಸುದಾರರ ಹೆಸರು ಸೇರಿದೆ. ಅದರ ಕಡತದಲ್ಲಿ ಮರಣ ಪ್ರಮಾಣಪತ್ರ, ವಂಶವೃಕ್ಷ, ಮಹಜರು ಇರಬೇಕು. ವಿಭಾಗ ಎಂದಿದ್ದರೆ ಅಣ್ಣತಮ್ಮಂದಿರ ಪೂರಾ ಪಟ್ಟಿ. ಕ್ರಯ ಎಂದಿದ್ದರೆ ಆ ಜಾಡು ಬೇರೆ ಮನೆತನಕ್ಕೆ ಹೋಗುತ್ತದೆ, ಅಲ್ಲಿ ನಿಲ್ಲಿ. ಜಮ್ಮಾ ಜಮೀನಿನ ಆರ್‌ಟಿಸಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರ, ಕೊರವುಕಾರರೆಂಬ ಒಕ್ಕದ ಹಿರಿಯರ ಹೆಸರು ಹಾಗೆಯೇ ಉಳಿದಿರುವುದುಂಟು. ಸಾಲ ಕೇಳಲು ಬ್ಯಾಂಕಿಗೆ ಹೋದವರಿಗೆ ಇದು ತಲೆನೋವು, 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದದ್ದೂ ಈ ಗೋಜಲಿಗಾಗಿಯೇ. ಚರಿತ್ರೆ ಹುಡುಕುವವರಿಗೆ ಮಾತ್ರ ಅದು ಹಬ್ಬ: ತಾತನ ತಂದೆಯ ಹೆಸರು ಮೊಬೈಲಿನಲ್ಲೇ ಸಿಕ್ಕಿಬಿಡುತ್ತದೆ.

ಕಂಪ್ಯೂಟರಿಗೆ ಬಂದದ್ದು ಹೆಚ್ಚೆಂದರೆ ಈ ಶತಮಾನದ ಆರಂಭದಿಂದ. ಅದಕ್ಕೂ ಹಿಂದಿನ ಕೈಬರಹದ ಆರ್‌ಟಿಸಿ, ಹಳೆಯ ಸರ್ವೆ ಕಾಗದ, ಗ್ರಾಮದ ನಕ್ಷೆ ಮಡಿಕೇರಿಯ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಮಾತು. ಭೂ ಸುರಕ್ಷಾ ಯೋಜನೆಯಲ್ಲಿ ರಾಜ್ಯದ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಗ್ರಾಮದ್ದು ಆಗಿದೆಯೇ ಎಂದು ಮೊದಲು ವಿಚಾರಿಸಿ, ಆಗಿದ್ದರೆ ಧೂಳು ಕುಡಿಯುವ ಕೆಲಸ ಉಳಿಯಿತು. ನಾಪೋಕ್ಲುವಿನ ನಾಡಕಚೇರಿಯಲ್ಲಿ ವಂಶವೃಕ್ಷದ ಪ್ರಮಾಣಪತ್ರ ಸಿಗುತ್ತದೆಯಲ್ಲ, ಅದು ನೀವು ಹೇಳಿದ್ದನ್ನು ಊರವರ ಹೇಳಿಕೆಯ ಮೇಲೆ ಬರೆದುಕೊಡುವ ಕಾಗದ. ಕಾನೂನಿಗೆ ಅದು ಬೇಕು, ಹುಡುಕಾಟಕ್ಕೆ ಅದು ಸಾಕ್ಷಿಯಲ್ಲ.

ತಾಲ್ಲೂಕು ಕಚೇರಿಗಿಂತ ಉಪನೋಂದಣಾಧಿಕಾರಿ ಕಚೇರಿಯನ್ನು ನಾನು ಹೆಚ್ಚು ನಂಬುತ್ತೇನೆ. ಪತ್ರ ಬರೆಯುವವರು ಕ್ರಯಪತ್ರದಲ್ಲೋ ಪಾಲುಪಟ್ಟಿಯಲ್ಲೋ ‘ನಮ್ಮ ತಂದೆಗೆ ಅವರ ತಂದೆಯಿಂದ ಬಂದ’ ಎಂದು ಮೂಲದಿಂದ ಕಥೆ ಹೇಳುತ್ತಾ ಬರುತ್ತಾರೆ. ಆನ್‌ಲೈನಿನಲ್ಲಿ ಋಣಭಾರ ಪತ್ರ ಸಿಗುವುದು 2004ರಿಂದ ಈಚಿನದು. ಅದಕ್ಕೆ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಹಾಕಬೇಕು. 1908ರ ನೋಂದಣಿ ಕಾಯ್ದೆ ಸಾರ್ವಜನಿಕರಿಗೆ ಒಂದು ದೊಡ್ಡ ಉಪಕಾರ ಮಾಡಿದೆ. ಸ್ಥಿರಾಸ್ತಿಯ ಪತ್ರಗಳಿರುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಮರಣಶಾಸನಗಳಿರುವ ಮೂರನೆಯ ಪುಸ್ತಕದ ನಕಲು, ಬರೆದಿಟ್ಟವರು ಬದುಕಿರುವ ತನಕ ಅವರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಮರಣಶಾಸನದಲ್ಲಿ ಹೆಣ್ಣುಮಕ್ಕಳ ಹೆಸರು, ಅವರು ಸೇರಿದ ಮನೆ, ಸಾಕಿದವರಿಗೆ ಬಿಟ್ಟ ಹಸು ಎಲ್ಲ ಬರುವುದುಂಟು. ಒಂದು ಒಳ್ಳೆಯ ಮರಣಶಾಸನ ಹತ್ತು ಆರ್‌ಟಿಸಿಗೆ ಸಮ.

ಜನನ ಮರಣದ ಪುಸ್ತಕಗಳಿಂದ ಬಹಳ ನಿರೀಕ್ಷೆ ಬೇಡ. ಇಡೀ ದೇಶಕ್ಕೆ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಮುಂಚಿನ ಹೆರಿಗೆಗಳಲ್ಲಿ ಬಹುಪಾಲು ಮನೆಯಲ್ಲೇ ಆದದ್ದು, ಎಷ್ಟೋ ಬರೆಸದೆ ಹೋದದ್ದು. ಹುಟ್ಟಿದ ತಾರೀಖು ಬೇಕಿದ್ದರೆ ಶಾಲೆಯ ದಾಖಲಾತಿ ಪುಸ್ತಕ ವಾಸಿ, ಆದರೆ ಅಲ್ಲಿನ ಜೂನ್ ಒಂದನೇ ತಾರೀಖನ್ನು ನಂಬಬೇಡಿ. ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ.

ಜನಗಣತಿಯ ಕಾಗದದಲ್ಲಿ ಹೆಸರು ಸಿಗಬಹುದೇ ಎಂದು ಹಲವರು ಕೇಳುತ್ತಾರೆ. ಸಿಗದು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿ ಹಾಳೆಗಳನ್ನು ಹೆಸರು ಸಮೇತ ಬಿಡುಗಡೆ ಮಾಡುತ್ತಾರೆ, 1921ರದ್ದು 2022ರಲ್ಲಿ ಹೊರಬಂತು. ನಮ್ಮ 1948ರ ಜನಗಣತಿ ಕಾಯ್ದೆ ವ್ಯಕ್ತಿಯ ವಿವರವನ್ನು ಯಾರಿಗೂ ತೋರಿಸಬಾರದೆನ್ನುತ್ತದೆ. ಹಳೆಯ ಗಣತಿ ವರದಿಗಳಲ್ಲಿ ಇರುವುದು ಅಂಕಿಸಂಖ್ಯೆ ಮಾತ್ರ.

ಪತ್ರಿಕೆಯ ಚಿಕ್ಕ ಅಕ್ಷರ

ಪತ್ರಿಕೆಯಲ್ಲಿ ಮನೆತನದ ಸುದ್ದಿ ಬರುವುದು ಸಾವಿನ ಅಂಕಣದಲ್ಲಿ ಮಾತ್ರವಲ್ಲ. ಸಾವಿನ ನಂತರದ ಕ್ರಿಯೆಯಾದ ಮಾದದ ಕರೆ, ವರ್ಷದ ಶ್ರದ್ಧಾಂಜಲಿ, ಜಮೀನು ಕೊಳ್ಳುವವರ ಪರವಾಗಿ ವಕೀಲರು ಹಾಕುವ ಸಾರ್ವಜನಿಕ ಪ್ರಕಟಣೆ, ಹೆಸರು ಬದಲಾವಣೆಯ ಅಫಿಡವಿಟ್, ಕಳೆದುಹೋದ ಮೂಲಪತ್ರ, ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದವರ ಬಗ್ಗೆ ನ್ಯಾಯಾಲಯದ ನೋಟಿಸ್, ಪಾಲಿನ ದಾವೆಯ ಸಮನ್ಸ್ ಎಲ್ಲವೂ ಚಿಕ್ಕ ಅಕ್ಷರದಲ್ಲಿ ಇರುತ್ತವೆ. ನನ್ನ ಮಟ್ಟಿಗೆ ಇವುಗಳಲ್ಲಿ ಬೆಲೆಯುಳ್ಳದ್ದು ನ್ಯಾಯಾಲಯದ ನೋಟಿಸ್, ಏಕೆಂದರೆ ಅದು ಒಂದು ಕಡತದ ಬೀಗದ ಕೈ. ಅದರಲ್ಲಿರುವ ದಾವೆಯ ಸಂಖ್ಯೆ, ವರ್ಷ, ನ್ಯಾಯಾಲಯದ ಹೆಸರು ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ದಾವೆಗೆ ಸಂಬಂಧವಿಲ್ಲದವರಾದರೆ ಯಾಕೆ ಬೇಕೆಂದು ಅಫಿಡವಿಟ್ಟಿನಲ್ಲಿ ಹೇಳಬೇಕಾಗುತ್ತದೆ. ಪಾಲಿನ ದಾವೆಯ ಫಿರ್ಯಾದಿಗೆ ವಂಶವೃಕ್ಷ ಲಗತ್ತಾಗಿರುತ್ತದೆ. ಎದುರು ಪಕ್ಷದ ತಕರಾರು ಓದದೆ ಅದನ್ನು ಮಾತ್ರ ಇಳಿಸಿಕೊಂಡು ಬರಬೇಡಿ. ಯಾರನ್ನು ಬೇಕೆಂದೇ ಬಿಟ್ಟಿದ್ದಾರೆಂಬುದು ತಕರಾರಿನಲ್ಲಿ ಹೊರಬೀಳುತ್ತದೆ. ಜಗಳವಾಡಿದ ಮನೆತನಗಳ ಚರಿತ್ರೆ ಸಾಮಾನ್ಯವಾಗಿ ಚೆನ್ನಾಗಿ ದಾಖಲಾಗಿರುತ್ತದೆ, ಹೇಳಲು ಸಂಕೋಚ, ಆದರೆ ನಿಜ.

ಊರು ಬಿಟ್ಟವರ ನೋಟಿಸ್ ಎಲ್ಲಿ ಹುಡುಕಬೇಕು? ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಮನ್ಸನ್ನು ಪತ್ರಿಕೆಯಲ್ಲಿ ಹಾಕಬೇಕಾದರೆ ಪ್ರತಿವಾದಿ ಕೊನೆಯದಾಗಿ ವಾಸವಿದ್ದ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆಯನ್ನೇ ಆರಿಸಬೇಕು. ಅಂದರೆ ದಾವೆ ಮಡಿಕೇರಿಯದಾದರೂ, ಬೆಂಗಳೂರಿಗೆ ಹೋದ ದೊಡ್ಡಪ್ಪನ ಹೆಸರು ಬೆಂಗಳೂರಿನ ಪತ್ರಿಕೆಯಲ್ಲಿದೆ. ಮಡಿಕೇರಿಯ ಪತ್ರಿಕೆಯ ಕಟ್ಟನ್ನೇ ವರ್ಷಗಟ್ಟಲೆ ತಿರುವಿದರೂ ಅವರು ಸಿಗದಿರುವುದಕ್ಕೆ ಇದು ಕಾರಣ.

ಯಾವ ಪತ್ರಿಕೆ? ಕೊಡಗಿನ ಮನೆಮಾತಾದ ‘ಶಕ್ತಿ’ಯನ್ನು ಬಿ.ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ ಮಡಿಕೇರಿಯಲ್ಲಿ ಶುರುಮಾಡಿದರು. ಅದಕ್ಕೂ ಹಿಂದೆ, ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಪಂದ್ಯಂಡ ಬೆಳ್ಯಪ್ಪನವರ ‘ಕೊಡಗು’ ಪತ್ರಿಕೆಯಿತ್ತು. ಕೊಡವ ತಕ್ಕ್‌ನಲ್ಲಿ ‘ಬ್ರಹ್ಮಗಿರಿ’ ವಾರಪತ್ರಿಕೆ ಇದೆ. ಹೊರಗೆ ನೆಲೆಸಿದವರ ಸಾವಿನ ಸುದ್ದಿಗೆ ‘ಪ್ರಜಾವಾಣಿ’ (1948ರಿಂದ), ಮದ್ರಾಸಿನ ‘ದಿ ಹಿಂದೂ’ (1878ರಿಂದ) ನೋಡಬೇಕು. ಹಳೆಯ ಸಂಚಿಕೆಗಳ ಕಟ್ಟು ಪತ್ರಿಕಾ ಕಚೇರಿಗಳಲ್ಲಿ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ಪುಸ್ತಕಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಕಳಿಸಬೇಕೆಂಬ 1954ರ ಕಾಯ್ದೆ 1956ರಿಂದ ಪತ್ರಿಕೆಗಳಿಗೂ ಅನ್ವಯವಾಯಿತು. ಹಾಗಾಗಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವನ್ನೂ ಚೆನ್ನೈನ ಕನ್ನೆಮರ ಗ್ರಂಥಾಲಯವನ್ನೂ ಮರೆಯಬೇಡಿ.

ಈ ಕಟ್ಟುಗಳಿಗೆ ಹೆಸರಿನ ಸೂಚಿ ಇರುವುದಿಲ್ಲ. ತಾರೀಖು ಗೊತ್ತಿಲ್ಲದೆ ಹೋದರೆ ಕಣ್ಣು ನೋಯುತ್ತದೆ, ಕೆಲಸ ಆಗದು. ಸಮಾಧಿಯ ಕಲ್ಲು, ಪಿಂಚಣಿ ನಿಂತ ತಿಂಗಳು, ಪೌತಿ ಮ್ಯುಟೇಷನ್ನಿನ ವರ್ಷ ಯಾವುದಾದರೊಂದು ಹಿಡಿದು ಕಾಲವನ್ನು ಕಿರಿದು ಮಾಡಿಕೊಳ್ಳಿ. ಸತ್ತ ದಿನದಿಂದ ಎರಡು ವಾರ ಮುಂದಕ್ಕೆ ನೋಡಿ, ಮಾದದ ಕರೆ ಅಷ್ಟರೊಳಗೆ ಬಂದಿರುತ್ತದೆ. ಆಮೇಲೆ ಸರಿಯಾಗಿ ಒಂದು ವರ್ಷದ ನಂತರದ ವಾರ. ಮೊದಲ ವರ್ಷದ ಶ್ರದ್ಧಾಂಜಲಿಯ ಕೆಳಗೆ ದುಃಖತಪ್ತರ ಪಟ್ಟಿ ಸಾವಿನ ಸುದ್ದಿಗಿಂತ ಉದ್ದ, ಅಳಿಯ ಸೊಸೆ ಮೊಮ್ಮಕ್ಕಳೆಲ್ಲ ಇರುತ್ತಾರೆ. ಫೋಟೊ ತೆಗೆದಾಗ ಪತ್ರಿಕೆಯ ಹೆಸರು, ತಾರೀಖು, ಪುಟ ಕಾಣುವಂತೆ ಇನ್ನೊಂದು ಫೋಟೊ ತೆಗೆಯಿರಿ.

ಕ್ರೀಡಾ ಪುಟವನ್ನು ಬಿಟ್ಟುಬಿಡುವವರೇ ಹೆಚ್ಚು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಎಷ್ಟು ಬೆಳೆದಿದೆಯೆಂದರೆ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದಿದ್ದವು. ತಂಡ ಎಂದರೆ ಒಕ್ಕ. ಯಾವ ಒಕ್ಕ ಆಡಿತು, ಗೋಲು ಹೊಡೆದ ಹುಡುಗನ ಹೆಸರೇನು ಎಂಬುದೆಲ್ಲ ಆಯಾ ದಿನದ ಪತ್ರಿಕೆಯಲ್ಲಿದೆ. ಊರು ಬಿಟ್ಟು ಹೋದ ಕವಲಿನ ಮಕ್ಕಳು ಆಡಲೆಂದೇ ರಜೆ ಹಾಕಿ ಬರುತ್ತಾರೆ. ಅವರನ್ನು ಮೈದಾನದ ಪಕ್ಕದಲ್ಲೇ ಹಿಡಿದು ಮಾತಾಡಿಸುವುದು ಯಾವ ಪತ್ರಾಗಾರಕ್ಕಿಂತಲೂ ಸುಲಭ.

ಗೆಜೆಟ್, ಪತ್ರಾಗಾರ, ಸಮುದ್ರದಾಚೆ

ಕೊಡಗು 1956ರ ತನಕ ಪ್ರತ್ಯೇಕ ಆಡಳಿತವಾಗಿತ್ತು. ಅದಕ್ಕೆ ತನ್ನದೇ ‘ಕೂರ್ಗ್ ಗೆಜೆಟ್’ ಇತ್ತು. ಹಿರಿಯರು ಸರ್ಕಾರಿ ನೌಕರಿಯಲ್ಲಿದ್ದರೆ ನೇಮಕ, ವರ್ಗ, ರಜೆಯ ಅಧಿಸೂಚನೆಗಳನ್ನು ಅದರಲ್ಲಿ ಹುಡುಕಬೇಕು. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಕೊಡಗಿನ ಹಳೆಯ ಇಂಗ್ಲಿಷ್ ಹೆಸರು ಹಾಕಿ ಹುಡುಕಿದರೆ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳ ಪಟ್ಟಿ ಕಾಣುತ್ತದೆ. ‘ನಮ್ಮ ಮುತ್ತಜ್ಜನಿಗೆ ಕಂಪನಿ ಸರ್ಕಾರ ಪದಕ ಕೊಟ್ಟಿತ್ತು’ ಎಂಬ ಮಾತು ನಿಮ್ಮ ಮನೆಯಲ್ಲಿದ್ದರೆ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಬೇಡಿ. 1837ರ ದಂಗೆಯ ಸಮಯದಲ್ಲಿ ಕಂಪನಿಯ ಪರ ನಿಂತವರಿಗೆ ಚಿನ್ನ ಮತ್ತು ಬೆಳ್ಳಿಯ ಕೂರ್ಗ್ ಪದಕ ಕೊಟ್ಟದ್ದು ನಿಜ, ಅದರ ಒಂದು ಮುಖದಲ್ಲಿ ಕನ್ನಡ ಅಕ್ಷರವಿತ್ತು. ಅದನ್ನು ಹೆಮ್ಮೆ ಎನ್ನಬೇಕೋ ಬೇಡವೋ ಎಂಬುದು ಆ ದಂಗೆ ಎದ್ದ ಅಮರಸುಳ್ಯದ ಕಡೆಯಿಂದ ಅದನ್ನು ನೋಡುವವರ ಜೊತೆ ಕೂತು ಮಾತಾಡಬೇಕಾದ ವಿಷಯ.

ಮಹಾಯುದ್ಧಗಳಲ್ಲಿ ಮಡಿದವರಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ಉಚಿತ. ಎರಡನೆಯ ಯುದ್ಧದ ನಮೂದುಗಳಲ್ಲಿ ತಂದೆಯ ಹೆಸರು, ಊರು ಸೇರಿರುವುದುಂಟು. ಒಕ್ಕದ ಹೆಸರು ಬಿಟ್ಟುಹೋಗಿ ಬರಿಯ ‘ಚಂಗಪ್ಪ’ ಎಂದಿರಬಹುದು, ಆದ್ದರಿಂದ ಊರಿನ ಹೆಸರಿನಿಂದಲೂ ಹುಡುಕಿ.

ಕಾಗದದ ಜಾಡು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕಕ್ಕಬೆಯ ನೆರೆಯಲ್ಲೇ ಉದಾಹರಣೆ ಇದೆ. ಚಿಕ್ಕವೀರರಾಜೇಂದ್ರ 1834ರಲ್ಲಿ ಕಂಪನಿಯ ಸೈನ್ಯ ಬಂದಾಗ ಇದ್ದದ್ದು ನಾಲ್ಕುನಾಡು ಅರಮನೆಯಲ್ಲಿ. ರಾಜ್ಯ ಕಳೆದುಕೊಂಡು ಕಾಶಿಗೆ ಹೋದವನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು, 1864ರಲ್ಲಿ ತೀರಿಕೊಂಡಳು. ತಂದೆ 1859ರಲ್ಲೇ ಲಂಡನ್ನಿನಲ್ಲಿ ಸತ್ತಿದ್ದ. ದೀಕ್ಷಾಸ್ನಾನ, ಮದುವೆ, ಕಂಪನಿಯಿಂದ ಹಣ ಕೇಳಿ ರಾಜ ಹೂಡಿದ ದಾವೆ ಎಲ್ಲವೂ ಅಲ್ಲಿನ ದಾಖಲೆಗಳಲ್ಲೂ ಪತ್ರಿಕೆಗಳಲ್ಲೂ ಇರುವುದರಿಂದಲೇ ಆಕೆಯ ಬದುಕು ನಮಗೆ ಇಷ್ಟು ಗೊತ್ತು. ಅದೇ ಅರಮನೆಯಲ್ಲಿ ಆಕೆಯ ತಂದೆಗೆ ಅಡುಗೆ ಮಾಡಿದವರ ಹೆಸರು ಎಲ್ಲಿ ಹುಡುಕುವುದು?

ಗದ್ದೆ ಇಲ್ಲದವರು

ಈವರೆಗೆ ಹೇಳಿದ ದಾರಿಯಲ್ಲಿ ಅರ್ಧ ಜನರಿಗೆ ಬಾಗಿಲಿಲ್ಲ. ತಡಿಯಂಡಮೋಳ್ ಇಳಿಜಾರಿನ ಕುಡಿಯರು, ಗದ್ದೆ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ಎರವರು, ಕೆಂಬಟ್ಟಿಯವರು ಕಂದಾಯದ ಪುಸ್ತಕದಲ್ಲಿ ಮಾಲೀಕರಾಗಿ ಬರುವುದಿಲ್ಲ. ಅವರಿಗೆ ಬೇರೆ ಕಡತ ನೋಡಬೇಕು. ತೋಟದ ಹಾಜರಿ ಪುಸ್ತಕ, ಭವಿಷ್ಯನಿಧಿಯ ನಾಮಿನಿ ಅರ್ಜಿ, ಶಾಲೆಯ ದಾಖಲಾತಿ, ಹಳೆಯ ಮತದಾರರ ಪಟ್ಟಿ. ಮತದಾರರ ಪಟ್ಟಿ ಸಣ್ಣ ವಿಷಯವಲ್ಲ: ಮನೆ ಸಂಖ್ಯೆಯ ಕ್ರಮದಲ್ಲಿ ಅಪ್ಪ, ಅಮ್ಮ, ದೊಡ್ಡ ಮಕ್ಕಳು, ಸೊಸೆ ಸಾಲಾಗಿ ನಿಂತಿರುತ್ತಾರೆ, ಪ್ರತಿಯೊಬ್ಬರ ಮುಂದೆ ತಂದೆಯ ಅಥವಾ ಗಂಡನ ಹೆಸರು.

ಅರಣ್ಯ ಹಕ್ಕು ಕಾಯ್ದೆ (2006) ಬಂದ ಮೇಲೆ ಅರಣ್ಯದಂಚಿನವರಿಗೆ ವಂಶಾವಳಿ ಬರಿಯ ಕುತೂಹಲವಲ್ಲ, ಹಕ್ಕಿನ ಸಾಕ್ಷಿ. ಹಳೆಯ ಕಾನೂನು ದಾಖಲೆಯಲ್ಲಿರುವ ವ್ಯಕ್ತಿಯವರೆಗೆ ತಲುಪುವ ವಂಶಾವಳಿಯನ್ನೂ ಹಿರಿಯರ ಹೇಳಿಕೆಯನ್ನೂ ಅದರ ನಿಯಮಗಳು ಪುರಾವೆಯಾಗಿ ಒಪ್ಪುತ್ತವೆ. ಗ್ರಾಮದ ಅರಣ್ಯ ಹಕ್ಕು ಸಮಿತಿಯ ಕಡತಗಳಲ್ಲಿ ಇಂಥ ಹೇಳಿಕೆಗಳು ಬರಹಕ್ಕಿಳಿದಿವೆ. ಅವು ಬಹುಶಃ ಆ ಮನೆಗಳ ಮೊದಲ ಲಿಖಿತ ವಂಶವೃಕ್ಷ.

ಮಾಪಿಳ್ಳೆ ಕುಟುಂಬಗಳಿಗೆ ಜಮಾಅತ್‌ನ ನಿಕಾಹ್ ಪುಸ್ತಕ, ಕ್ರೈಸ್ತ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನ ಮತ್ತು ಮದುವೆಯ ಪುಸ್ತಕ. ಟಿಪ್ಪುವಿನ ಕಾಲದಲ್ಲಿ ಕೆನರಾದಿಂದ ಓಡಿಬಂದವರಿಗೆ ದೊಡ್ಡ ವೀರರಾಜೇಂದ್ರ ಆಸರೆ ಕೊಟ್ಟ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಇತಿಹಾಸ 1792ಕ್ಕೆ ಹೋಗುತ್ತದೆ. ಅರೆಭಾಷೆ ಗೌಡರಲ್ಲಿ ಬಳಿಯನ್ನೂ (ಕುಲವನ್ನೂ) ಐನ್‌ಮನೆಯನ್ನೂ (ಮೂಲಮನೆಯನ್ನೂ) ಹಿಡಿದು ಹೋಗಬೇಕು. ಕೊಡಗಿನ ಐನ್‌ಮನೆಗಳ ಬಗ್ಗೆ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಊರೂರು ಸುತ್ತಿ ದಾಖಲಿಸಿದ ಪುಸ್ತಕ 2014ರಲ್ಲಿ ಬಂದಿದೆ. ನಿಮ್ಮ ಮೂಲ ಮನೆ ಯಾವ ಗ್ರಾಮದಲ್ಲಿತ್ತೆಂಬ ಸಂಶಯವಿದ್ದರೆ ಮೊದಲು ಅದನ್ನು ನೋಡಿ.

ಕಚೇರಿಯಲ್ಲಿ, ಮನೆಯಲ್ಲಿ

ಗುಮಾಸ್ತರು ‘ಸಿಗುವುದಿಲ್ಲ’ ಎಂದರೆ ಬರಹದಲ್ಲಿ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಬೇರೆಯವರ ಖಾಸಗಿ ವಿವರವೆಂದು ನಿರಾಕರಿಸಬಹುದು. ಆಗ 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು ಕೆಲವೇ ವಿನಾಯಿತಿ ಬಿಟ್ಟು ಕೊಡಬೇಕೆನ್ನುವ ಎಂಟನೆಯ ಕಲಮಿನ ಮೂರನೆಯ ಉಪಕಲಮನ್ನು ಅರ್ಜಿಯಲ್ಲೇ ಬರೆಯಿರಿ. ‘ನಮ್ಮ ಮನೆತನದ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಏನೂ ಸಿಗದು. ಗ್ರಾಮ, ಸರ್ವೆ ನಂಬರ್, ಎಂ.ಆರ್. ಸಂಖ್ಯೆ, ವರ್ಷ ಹೆಸರಿಸಿ ಕೇಳಿ.

ಕಚೇರಿಗಿಂತ ಕಷ್ಟ ನೆಂಟರು. ಹಳೆಯ ಕಾಗದ ಕೇಳಿಕೊಂಡು ಬಂದ ತಮ್ಮನ ಮಗ ಪಾಲು ಕೇಳಲು ಬಂದಿದ್ದಾನೆಂದು ಅನುಮಾನಿಸದ ದೊಡ್ಡಪ್ಪಂದಿರು ಕಡಿಮೆ. ನಿಮ್ಮಲ್ಲಿ ಸಿಕ್ಕಿದ ಕಾಗದದ ನಕಲನ್ನು ಮೊದಲು ಅವರ ಕೈಗೆ ಕೊಟ್ಟು, ಆಮೇಲೆ ಅವರದ್ದನ್ನು ಕೇಳಿ. ದಾವೆ ನಡೆಯುತ್ತಿರುವ ಜಮೀನಿನ ಕಾಗದವನ್ನು, ಬದುಕಿರುವವರ ಜನ್ಮದಿನ, ಆಧಾರ್ ವಿವರಗಳನ್ನು ಒಕ್ಕದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಜಮೀನು ದಲ್ಲಾಳಿಗಳಿಗೆ ವಂಶವೃಕ್ಷಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ. ಮಕ್ಕ ಪರಿಜೆ, ದತ್ತು, ಎರಡನೆಯ ಮದುವೆಯಂಥ ವಿಷಯ ಸಿಕ್ಕರೆ ಆ ಕವಲಿನವರಿಗೆ ಮೊದಲು ಹೇಳಿ, ನಂತರ ಬರೆಯಿರಿ.

ಕೆಲಸಕ್ಕೆ ಒಳ್ಳೆಯ ಕಾಲ ಸುಗ್ಗಿಯ ಹಬ್ಬವಾದ ಪುತ್ತರಿಯಿಂದ ಏಪ್ರಿಲಿನವರೆಗೆ. ಪುತ್ತರಿಗೆ ಐನ್‌ಮನೆಯಲ್ಲಿ ಜನ ಸೇರಿರುತ್ತಾರೆ, ಆಮೇಲೆ ದಾರಿಯೂ ಒಣಗಿರುತ್ತದೆ. ಜೂನಿನಿಂದ ಕಕ್ಕಬೆಯಲ್ಲಿ ಮಳೆ ಹಿಡಿದರೆ ಕಾಗದ ಬಿಚ್ಚುವುದೇ ಅಪಾಯ. ಬೂಸರು ಹಿಡಿದ ಹಾಳೆಯನ್ನು ಬಿಸಿಲಿಗೆ ಒಣಗಿಸಬೇಡಿ, ನೆರಳಲ್ಲಿ ಗಾಳಿಗೆ ಹರಡಿ, ಮೆತ್ತನೆಯ ಕುಂಚದಿಂದ ಜಾಡಿಸಿ, ಆಮೇಲೆ ಫೋಟೊ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲಾಗದು. ಹಳೆಯ ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಒಕ್ಕ, ಹೆಂಗಸರಾದರೆ ತಾಮನೆ, ಹೇಳಿದವರು ಯಾರು, ಯಾವ ತಾರೀಖಿನಂದು ಹೇಳಿದರು ಎಂದು ಬರೆಯಿರಿ.